ಹಳೆಯ ಮಾರುತಿ 800ರ ಎಂಜಿನ್: ಬಾಳಿಕೆಯ ಗುಟ್ಟು, ಆರೈಕೆಯ ಕ್ರಮ

ಮಾರುತಿ 800 ಕಾರಿನ ತಯಾರಿಕೆ ನಿಂತು ಒಂದು ದಶಕಕ್ಕೂ ಹೆಚ್ಚು ಕಾಲ ಕಳೆದಿದೆ. ಆದರೂ ರಾಜ್ಯದ ರಸ್ತೆಗಳಿಂದ ಈ ಕಾರು ಮಾಯವಾಗಿಲ್ಲ. ಇಪ್ಪತ್ತು, ಇಪ್ಪತ್ತೈದು ವರ್ಷ ದುಡಿದ ಕಾರುಗಳು ಇಂದಿಗೂ ಮನೆಯಿಂದ ಮಾರುಕಟ್ಟೆಗೆ, ಊರಿನಿಂದ ಊರಿಗೆ ಓಡುತ್ತಿವೆ. ಇದೇ ವೇಳೆ ನೋಂದಣಿ ನವೀಕರಣದ ಶುಲ್ಕ ಏರಿದೆ, ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನ ಸ್ವರೂಪವೂ ಬದಲಾಗಿದೆ. ಹೀಗಾಗಿ ಹಳೆಯ ಕಾರನ್ನು ಉಳಿಸಿಕೊಳ್ಳಬೇಕೆ, ಗುಜರಿಗೆ ಹಾಕಬೇಕೆ ಎಂಬ ಪ್ರಶ್ನೆ ಅನೇಕ ಮಾಲೀಕರ ಮುಂದಿದೆ.

ಈ ಪ್ರಶ್ನೆಗೆ ಕಾರಿನ ವಯಸ್ಸಾಗಲೀ, ಓಡಿದ ಕಿಲೋಮೀಟರ್ ಲೆಕ್ಕವಾಗಲೀ ಉತ್ತರ ಕೊಡಲಾರದು. ಟರ್ಬೊ ಇಲ್ಲದ ಈ ಬಗೆಯ ಸರಳ ಎಂಜಿನ್ ಸಾಮಾನ್ಯವಾಗಿ ಸವೆದು ಸಾಯುವುದು ನಿಧಾನವಾಗಿ. ಬಿಸಿಯೇರಿ, ಆಯಿಲ್ ಇಲ್ಲದೆ ಸಾಯುವುದು ಒಂದೇ ದಿನದಲ್ಲಿ. ಎರಡನೆಯದನ್ನು ತಡೆಯುವುದು ಮಾಲೀಕರ ಕೈಯಲ್ಲೇ ಇದೆ.

ಎಂಜಿನ್‌ನ ಹಿನ್ನೆಲೆ

ಮಾರುತಿ ಉದ್ಯೋಗ್ ಸಂಸ್ಥೆಯು ಜಪಾನಿನ ಸುಜುಕಿ ಸಹಯೋಗದಲ್ಲಿ ಗುಡಗಾಂವ್‌ನಲ್ಲಿ ತಯಾರಿಸಿದ ಮೊದಲ ಕಾರಿನ ಕೀಲಿಕೈಯನ್ನು ಅಂದಿನ ಪ್ರಧಾನಿ ಇಂದಿರಾ ಗಾಂಧಿ ಅವರು 1983ರ ಡಿಸೆಂಬರ್ 14ರಂದು ಗ್ರಾಹಕರಿಗೆ ಹಸ್ತಾಂತರಿಸಿದರು. 1986ರಲ್ಲಿ ಕಾರಿನ ಹೊರಮೈ ಬದಲಾಯಿತು. ಎಂಜಿನ್ ಮಾತ್ರ ಅದೇ 796 ಸಿಸಿ ಸಾಮರ್ಥ್ಯದ, ಮೂರು ಸಿಲಿಂಡರ್‌ಗಳ ಎಫ್8ಬಿ ಆಗಿ ಮುಂದುವರಿಯಿತು. ಮಾರುತಿ ಓಮ್ನಿ ವ್ಯಾನ್‌ಗೂ ಇದೇ ಎಂಜಿನ್ ಅಳವಡಿಸಲಾಗಿತ್ತು.

ಭಾರತ್ ಸ್ಟೇಜ್ 4 ನಿಯಮ ಜಾರಿಗೆ ಬಂದ 2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಮಾರುತಿ 800ರ ಮಾರಾಟ ನಿಂತಿತು. 2014ರ ಜನವರಿ 18ರಂದು ತಯಾರಿಕೆಯೇ ಕೊನೆಗೊಂಡಿತು. ಅಷ್ಟರಲ್ಲಿ ದೇಶದೊಳಗೆ ಮಾರಾಟವಾದ ಕಾರುಗಳ ಸಂಖ್ಯೆ 26 ಲಕ್ಷ ದಾಟಿತ್ತು. ಈ ಸಂಖ್ಯಾಬಲದಿಂದಾಗಿಯೇ ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಷ್ಟೇ ಅಲ್ಲ, ತಾಲ್ಲೂಕು ಕೇಂದ್ರಗಳಲ್ಲೂ ದೊರೆಯುತ್ತಿವೆ. ಇದರ ಒಳಹೊರಗನ್ನು ಬಲ್ಲ ಮೆಕ್ಯಾನಿಕ್‌ಗಳು ಬಹುತೇಕ ಎಲ್ಲ ಊರುಗಳಲ್ಲೂ ಇದ್ದಾರೆ.

ಈ ಎಂಜಿನ್ ಎರಡು ರೂಪಗಳಲ್ಲಿ ಕಾಣಸಿಗುತ್ತದೆ. ಹಳೆಯದು ಕಾರ್ಬುರೇಟರ್ ಇರುವಂಥದ್ದು. 2000ನೇ ಇಸವಿಯ ಆಸುಪಾಸಿನಿಂದ ಬಂದದ್ದು ಇಂಜೆಕ್ಟರ್ ಮೂಲಕ ಪೆಟ್ರೋಲ್ ಚಿಮುಕಿಸುವ ಎಂಪಿಎಫ್‌ಐ ಮಾದರಿ. ಇವೆರಡರ ಆರೈಕೆಯಲ್ಲಿ ಇರುವ ವ್ಯತ್ಯಾಸವನ್ನು ಮುಂದೆ ಗಮನಿಸಬಹುದು.

ಟರ್ಬೊ ಇಲ್ಲದಿದ್ದರೆ ಏನು ಲಾಭ?

ಪಿಸ್ಟನ್ ಕೆಳಗಿಳಿದಾಗ ಸಿಲಿಂಡರ್ ಒಳಗೆ ಒತ್ತಡ ತಗ್ಗುತ್ತದೆ. ಆಗ ಹೊರಗಿನ ಗಾಳಿ ವಾತಾವರಣದ ಒತ್ತಡದಿಂದಲೇ ಒಳನುಗ್ಗುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊಚಾರ್ಜರ್‌ನಂಥ ಯಾವುದೇ ಸಾಧನ ಇಲ್ಲಿಲ್ಲ. ಇಂಥ ಎಂಜಿನ್‌ಗಳನ್ನು ನ್ಯಾಚುರಲಿ ಆಸ್ಪಿರೇಟೆಡ್ ಎಂಜಿನ್ ಎನ್ನುತ್ತಾರೆ.

ಒಳಬರುವ ಗಾಳಿಗೆ ಮಿತಿಯಿರುವುದರಿಂದ ಉರಿಯುವ ಪೆಟ್ರೋಲಿಗೂ ಮಿತಿಯಿರುತ್ತದೆ. ಎಂಪಿಎಫ್‌ಐ ಮಾದರಿಯ ಮಾರುತಿ 800 ಸುಮಾರು 37 ಅಶ್ವಶಕ್ತಿ ನೀಡುತ್ತದೆ. ಅದೇ ಕಂಪೆನಿಯ ಇಂದಿನ 998 ಸಿಸಿ ಟರ್ಬೊ ಪೆಟ್ರೋಲ್ ಎಂಜಿನ್, ಅದೂ ಮೂರು ಸಿಲಿಂಡರ್‌ನದೇ, ಸುಮಾರು 100 ಅಶ್ವಶಕ್ತಿ ಕೊಡುತ್ತದೆ. ಲೀಟರ್ ಲೆಕ್ಕದಲ್ಲಿ ನೋಡಿದರೆ ಹಳೆಯ ಎಂಜಿನ್ ಮಾಡುವ ದುಡಿಮೆ ಹೊಸದರ ಅರ್ಧಕ್ಕಿಂತಲೂ ಕಡಿಮೆ. ಪಿಸ್ಟನ್, ಬೇರಿಂಗ್, ಹೆಡ್ ಗ್ಯಾಸ್ಕೆಟ್‌ಗಳ ಮೇಲೆ ಬೀಳುವ ಒತ್ತಡವೂ ಅದೇ ಪ್ರಮಾಣದಲ್ಲಿ ಕಡಿಮೆ. ಸುಮಾರು 650 ಕೆ.ಜಿ. ತೂಕದ ಕಾರನ್ನು ಎಳೆಯಲು ಅಷ್ಟು ಶಕ್ತಿ ಸಾಕಾಗುತ್ತಿತ್ತು. ಎಫ್8ಬಿ ಎಂಜಿನ್‌ನ ಬಾಳಿಕೆಯ ಗುಟ್ಟು ಇರುವುದು ಈ ಅಲ್ಪತೃಪ್ತಿಯಲ್ಲಿ.

ಇದಕ್ಕೊಂದು ಮಿತಿಯೂ ಉಂಟು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ 10ರಷ್ಟು ಕಡಿಮೆ. ಎಂಜಿನ್‌ನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ಮಡಿಕೇರಿಯ ಏರುದಾರಿಯಲ್ಲಿ ಕಾರು ಎಳೆಯಲು ಒದ್ದಾಡಿದರೆ ಅದನ್ನು ಎಂಜಿನ್‌ನ ದೋಷವೆಂದೇ ಭಾವಿಸಬೇಕಾಗಿಲ್ಲ. ಗೇರ್ ಇಳಿಸಿ ಓಡಿಸುವುದೇ ಸರಿಯಾದ ಕ್ರಮ. ಮೇಲಿನ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಎಳೆಸಿದರೆ ಎಂಜಿನ್ ಬಡಿದುಕೊಳ್ಳತೊಡಗುತ್ತದೆ, ಬೇಗ ಬಿಸಿಯಾಗುತ್ತದೆ.

ಮೊದಲ ಶತ್ರು ಬಿಸಿ

ಈ ಎಂಜಿನ್‌ನ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಮಿತಿಮೀರಿ ಬಿಸಿಯಾದರೆ ಹೆಡ್ ಬಾಗುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಆಗ ಕೂಲಂಟ್ ಸಿಲಿಂಡರ್‌ಗೋ ಆಯಿಲ್‌ಗೋ ಸೇರಿಕೊಳ್ಳುತ್ತದೆ. ಲಕ್ಷ ಕಿಲೋಮೀಟರ್ ತೊಂದರೆಯಿಲ್ಲದೆ ಓಡಿದ ಎಂಜಿನ್ ಹತ್ತು ನಿಮಿಷದ ಅಜಾಗರೂಕತೆಯಿಂದ ಕೆಡುವುದು ಹೀಗೆ.

ಹಳೆಯ ಕಾರುಗಳಲ್ಲಿ ಬಿಸಿಯೇರಲು ಸಾಮಾನ್ಯ ಕಾರಣಗಳು ಕೆಲವೇ. ಗಟ್ಟಿಯಾಗಿ ಬಿರುಕುಬಿಟ್ಟ ಹೋಸ್ ಪೈಪ್, ಸಡಿಲಗೊಂಡ ರೇಡಿಯೇಟರ್ ಮುಚ್ಚಳ, ಒಳಗೆ ಕಟ್ಟಿಕೊಂಡ ರೇಡಿಯೇಟರ್, ತಿರುಗದ ವಿದ್ಯುತ್ ಫ್ಯಾನ್, ಸೋರುವ ವಾಟರ್ ಪಂಪ್. ಇವುಗಳಲ್ಲಿ ಯಾವುದೂ ದುಬಾರಿ ಭಾಗವಲ್ಲ ಎಂಬುದು ಗಮನಾರ್ಹ. ಆದರೆ ಇವುಗಳನ್ನು ನಿರ್ಲಕ್ಷಿಸಿದಾಗ ಆಗುವ ನಷ್ಟ ಮಾತ್ರ ದೊಡ್ಡದು.

ರೇಡಿಯೇಟರ್‌ಗೆ ಕೊಳವೆಬಾವಿಯ ನೀರು ತುಂಬುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಗಡಸು ನೀರಿನಲ್ಲಿರುವ ಲವಣಾಂಶ ಬಿಸಿಗೆ ಪದರಗಟ್ಟಿ ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಮುಚ್ಚುತ್ತದೆ. ಬಟ್ಟಿ ಇಳಿಸಿದ ನೀರಿನೊಂದಿಗೆ ಕೂಲಂಟನ್ನು ಡಬ್ಬಿಯ ಮೇಲೆ ಸೂಚಿಸಿದ ಪ್ರಮಾಣದಲ್ಲಿ ಬೆರೆಸಿ ಹಾಕಬೇಕು. ನಮ್ಮ ಹವೆಯಲ್ಲಿ ಹೆಪ್ಪುಗಟ್ಟುವ ಭಯವಿಲ್ಲ, ಕೂಲಂಟ್ ಏಕೆ ಎಂದು ಕೇಳುವವರಿದ್ದಾರೆ. ಕೂಲಂಟ್ ತುಕ್ಕನ್ನು ತಡೆಯುತ್ತದೆ, ಕುದಿಯುವ ಮಟ್ಟವನ್ನು ಮೇಲಕ್ಕೇರಿಸುತ್ತದೆ. ನಮಗೆ ಬೇಕಾಗಿರುವುದು ಈ ಎರಡು ಗುಣಗಳೇ.

ಕೆಲವು ಗ್ಯಾರೇಜ್‌ಗಳಲ್ಲಿ ಬಿಸಿಯೇರುವ ಕಾರಿನ ಥರ್ಮೋಸ್ಟಾಟ್ ವಾಲ್ವನ್ನೇ ತೆಗೆದುಹಾಕುವ ರೂಢಿಯಿದೆ. ಇದು ಪರಿಹಾರವಲ್ಲ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸರಿಯಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ತಣ್ಣಗಿನ ಎಂಜಿನ್‌ನಲ್ಲಿ ಪೂರ್ತಿ ಉರಿಯದ ಪೆಟ್ರೋಲ್ ಆಯಿಲ್‌ಗೆ ಸೇರುತ್ತದೆ, ಸವೆತ ಹೆಚ್ಚುತ್ತದೆ, ಮೈಲೇಜ್ ಇಳಿಯುತ್ತದೆ. ಕೆಟ್ಟ ಥರ್ಮೋಸ್ಟಾಟನ್ನು ಬದಲಿಸಬೇಕೇ ಹೊರತು ಕಿತ್ತೆಸೆಯಬಾರದು.

ದಾರಿಯಲ್ಲಿ ಬಿಸಿಸೂಚಕದ ಮುಳ್ಳು ಕೆಂಪು ಗೆರೆಯತ್ತ ಏರಿದರೆ ಎಸಿ ಆರಿಸಿ, ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಮುಂದಿನ ಊರು ಹತ್ತಿರದಲ್ಲೇ ಇದೆ ಎಂದು ಓಡಿಸುವುದು ಅಪಾಯಕರ. ಬಿಸಿಯಾಗಿರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ಸಲ್ಲದು. ಕನಿಷ್ಠ ಅರ್ಧ ಗಂಟೆ ಕಾದು, ಎಂಜಿನ್ ತಣಿದ ಬಳಿಕವಷ್ಟೇ ನೀರು ತುಂಬಬೇಕು.

ಆಯಿಲ್: ಮಟ್ಟ ಮತ್ತು ಕಾಲ

ಎಫ್8ಬಿ ಎಂಜಿನ್‌ನಲ್ಲಿ ಹಿಡಿಯುವುದು ಮೂರು ಲೀಟರ್ ಆಸುಪಾಸಿನ ಆಯಿಲ್ ಮಾತ್ರ. ಹಳೆಯ ಎಂಜಿನ್ ಅದರಲ್ಲಿ ಒಂದು ಲೀಟರ್ ಕಳೆದುಕೊಂಡರೆ ಮೂರರಲ್ಲಿ ಒಂದು ಪಾಲು ಹೋದಂತೆ. ಆದ್ದರಿಂದ ಡಿಪ್‌ಸ್ಟಿಕ್ ಹೊರತೆಗೆದು ಮಟ್ಟ ನೋಡುವುದು ವಾರಕ್ಕೊಮ್ಮೆಯಾದರೂ ನಡೆಯಬೇಕು. ಸಮತಟ್ಟಾದ ಜಾಗದಲ್ಲಿ, ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುವ ಮುನ್ನ ನೋಡುವುದು ಉತ್ತಮ.

ಕಾರ್ಬುರೇಟರ್ ಕಾಲದ ಎಂಜಿನ್‌ಗಳಿಗೆ 20ಡಬ್ಲ್ಯು-40 ದರ್ಜೆಯ ಆಯಿಲ್ ಬಳಸುವುದು ರೂಢಿ. ಇಂಥ ಖನಿಜ ಆಯಿಲನ್ನು 5,000 ಕಿ.ಮೀ.ಗೊಮ್ಮೆ, ಕಾರು ಅಷ್ಟು ಓಡದಿದ್ದರೆ ವರ್ಷಕ್ಕೊಮ್ಮೆ ಫಿಲ್ಟರ್ ಸಹಿತ ಬದಲಿಸಬೇಕು. ದಿನವೂ ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರಿಗೆ ವಿನಾಯಿತಿಯಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗದೆ ಆಯಿಲ್‌ನಲ್ಲಿ ತೇವಾಂಶ ಉಳಿಯುವುದರಿಂದ ಅಂಥ ಕಾರಿನ ಆಯಿಲ್ ಬೇಗನೆ ಕೆಡುತ್ತದೆ.

ಡ್ಯಾಷ್‌ಬೋರ್ಡ್‌ನಲ್ಲಿ ಕೆಂಪಗೆ ಬೆಳಗುವ ಆಯಿಲ್ ದೀಪ ಮಟ್ಟದ ಸೂಚಕವಲ್ಲ, ಒತ್ತಡದ ಸೂಚಕ. ಓಡುತ್ತಿರುವಾಗ ಅದು ಬೆಳಗಿತೆಂದರೆ ಬೇರಿಂಗ್‌ಗಳಿಗೆ ಆಯಿಲ್ ತಲುಪುತ್ತಿಲ್ಲವೆಂದೇ ಅರ್ಥ. ಆ ಕ್ಷಣವೇ ಎಂಜಿನ್ ನಿಲ್ಲಿಸಬೇಕು.

ಎರಡು ಬೆಲ್ಟ್‌ಗಳು

ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ಹಲ್ಲುಗಳಿರುವ ರಬ್ಬರ್ ಪಟ್ಟಿ. ಅದು ಮುಚ್ಚಳದ ಹಿಂದೆ ಅಡಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ತುಂಡಾಗುವ ಮುನ್ನ ಸೂಚನೆ ಕೊಡುವುದೂ ಅಪರೂಪ. ತುಂಡಾದೊಡನೆ ಕಾರು ನಡುರಸ್ತೆಯಲ್ಲೇ ನಿಲ್ಲುತ್ತದೆ. ಕೈಪಿಡಿಯಲ್ಲಿ ಸೂಚಿಸಿದ ಕಿಲೋಮೀಟರ್‌ಗೆ ಅದನ್ನು ಬದಲಿಸಲೇಬೇಕು. ಆದರೆ ಓಡದೆ ನಿಂತ ಕಾರಿನಲ್ಲೂ ರಬ್ಬರ್ ಹಳತಾಗುತ್ತದೆ ಎಂಬುದನ್ನು ಮರೆಯಬಾರದು. ಕೈಬದಲಾದ ಕಾರಿನಲ್ಲಿ ಬೆಲ್ಟ್ ಯಾವಾಗ ಬದಲಿಸಿದ್ದು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ, ಬದಲಿಸಿಲ್ಲ ಎಂದೇ ತಿಳಿದು ಹೊಸದನ್ನು ಹಾಕಿಸುವುದು ಕ್ಷೇಮ. ಜೊತೆಗೆ ಟೆನ್ಷನರ್ ಬೇರಿಂಗನ್ನೂ ಬದಲಿಸುವುದು ಲೇಸು.

ಹೊರಗೆ ಕಾಣುವ ಇನ್ನೊಂದು ಬೆಲ್ಟನ್ನು ಗ್ಯಾರೇಜಿನ ಭಾಷೆಯಲ್ಲಿ ಫ್ಯಾನ್ ಬೆಲ್ಟ್ ಎನ್ನುತ್ತಾರೆ. ಈ ಕಾರಿನಲ್ಲಿ ಅದು ತಿರುಗಿಸುವುದು ಫ್ಯಾನನ್ನಲ್ಲ, ಆಲ್ಟರ್ನೇಟರ್ ಮತ್ತು ವಾಟರ್ ಪಂಪನ್ನು. ಹಾಗಾಗಿ ಓಡುವಾಗ ಬ್ಯಾಟರಿ ದೀಪ ಬೆಳಗಿದರೆ ಅದು ಕೇವಲ ಚಾರ್ಜಿಂಗ್ ಸಮಸ್ಯೆ ಎಂದು ಮುಂದೆ ಸಾಗಬಾರದು. ಬೆಲ್ಟ್ ತುಂಡಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕುದಿಯುತ್ತದೆ.

ಟ್ಯಾಪೆಟ್, ಪ್ಲಗ್, ಕಾರ್ಬುರೇಟರ್

ವಾಲ್ವ್‌ಗಳ ಅಂತರವನ್ನು ಸ್ಕ್ರೂ ತಿರುಗಿಸಿ ಹೊಂದಿಸುವ ವ್ಯವಸ್ಥೆ ಈ ಎಂಜಿನ್‌ನಲ್ಲಿದೆ. ಇದಕ್ಕೇ ಟ್ಯಾಪೆಟ್ ಸೆಟ್ಟಿಂಗ್ ಎಂಬ ಹೆಸರು. ಅಂತರ ಹೆಚ್ಚಾದರೆ ಟಕಟಕ ಸದ್ದು ಬರುತ್ತದೆ, ಮಾಲೀಕರು ಗ್ಯಾರೇಜಿಗೆ ಧಾವಿಸುತ್ತಾರೆ. ಆದರೆ ನಿಜಕ್ಕೂ ಅಪಾಯಕರವಾದದ್ದು ಸದ್ದಿಲ್ಲದ ಬಿಗಿ ಟ್ಯಾಪೆಟ್. ವಾಲ್ವ್ ಪೂರ್ತಿ ಮುಚ್ಚದೆ ಉಳಿದರೆ ಬೆಂಕಿಯಂಥ ಹೊಗೆ ಅದರ ಅಂಚಿನಿಂದ ನುಸುಳಿ, ಹೊಗೆ ಹೊರಹೋಗುವ ವಾಲ್ವನ್ನು ಸುಟ್ಟುಬಿಡುತ್ತದೆ. ಸದ್ದು ಅಡಗಿಸಲೆಂದು ಟ್ಯಾಪೆಟ್ ಬಿಗಿಗೊಳಿಸುವುದು ತಪ್ಪು. ಫೀಲರ್ ಗೇಜ್ ಹಿಡಿದು, ಕೈಪಿಡಿಯ ಅಳತೆಗೆ ಹೊಂದಿಸಬೇಕು.

ಮೂರು ಸಿಲಿಂಡರ್‌ಗಳ ಎಂಜಿನ್‌ನಲ್ಲಿ ಒಂದು ಪ್ಲಗ್ ಕೈಕೊಟ್ಟರೆ ಮೂರರಲ್ಲೊಂದು ಭಾಗ ಶಕ್ತಿಯೇ ಹೋಯಿತು. ಕಾರು ನಡುಗುವುದು, ಏರಿನಲ್ಲಿ ಜಗ್ಗುವುದು ಇದರ ಲಕ್ಷಣ. ಹಳೆಯ ಡಿಸ್ಟ್ರಿಬ್ಯೂಟರ್‌ನಲ್ಲಿ ಸಿ.ಬಿ. ಪಾಯಿಂಟ್ ಇರುವ ಕಾರಾದರೆ ಅದರ ಅಂತರವನ್ನೂ ಆಗಾಗ ಪರೀಕ್ಷಿಸಬೇಕು. ಮಳೆಗಾಲದಲ್ಲಿ ಸ್ಟಾರ್ಟ್ ಆಗದ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗಿನ ತೇವ ಮತ್ತು ಬಿರುಕುಬಿಟ್ಟ ಪ್ಲಗ್ ವೈರ್‌ಗಳನ್ನು.

ಕಾರ್ಬುರೇಟರ್‌ಗೆ ಗಾಳಿಯ ಸಾಂದ್ರತೆ ತಿಳಿಯದು. ಎತ್ತರದ ಊರಿನಲ್ಲಿ ಗಾಳಿ ತೆಳುವಾದಾಗ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಹೆಚ್ಚುತ್ತದೆ. ಬೆಂಗಳೂರಿನಲ್ಲಿ ಹೊಂದಿಸಿದ ಕಾರ್ಬುರೇಟರ್ ಶಿರಾಡಿ ಘಾಟಿ ಇಳಿದು ಕರಾವಳಿ ತಲುಪಿದಾಗ ಮಿಶ್ರಣ ಕೊಂಚ ತೆಳುವಾಗುತ್ತದೆ. ವಾಸದ ಊರು ಬದಲಾದರೆ ಒಮ್ಮೆ ಟ್ಯೂನಿಂಗ್ ಮಾಡಿಸುವುದು ಒಳಿತು.

ಎಥೆನಾಲ್ ಬೆರೆತ ಪೆಟ್ರೋಲ್

ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟಕ್ಕೆ ಪ್ರಧಾನಿ ನರೇಂದ್ರ ಮೋದಿ ಅವರು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ನೀಡಿದರು. 2025ರಲ್ಲಿ ದೇಶದ ಮಿಶ್ರಣ ಪ್ರಮಾಣ ಶೇ 20ನ್ನು ತಲುಪಿತು. ಮಾರುತಿ 800 ರೂಪುಗೊಂಡದ್ದು ಇಂಥ ಇಂಧನದ ಕಲ್ಪನೆಯೂ ಇಲ್ಲದ ಕಾಲದಲ್ಲಿ.

ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಎಥೆನಾಲ್‌ಗೆ 9 ಪಟ್ಟು ಸಾಕು. ಕಾರ್ಬುರೇಟರಿನ ಜೆಟ್ ರಂಧ್ರಗಳು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಹೀಗಾಗಿ ಇ20 ಹಾಕಿದಾಗ ಮಿಶ್ರಣ ತೆಳುವಾಗುತ್ತದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗಲು ತಡವಾಗುವುದು, ಆಕ್ಸಿಲರೇಟರ್ ಒತ್ತಿದಾಗ ತಡವರಿಸುವುದು ಇದರಿಂದಲೇ. ಎಥೆನಾಲ್‌ನ ಶಾಖಶಕ್ತಿಯೂ ಪೆಟ್ರೋಲ್‌ಗಿಂತ ಮೂರನೇ ಒಂದರಷ್ಟು ಕಡಿಮೆ. ಮಿಶ್ರಣವಿಲ್ಲದ ಪೆಟ್ರೋಲ್‌ಗಾಗಿ ವಿನ್ಯಾಸಗೊಂಡು, ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು.

ಮೈಲೇಜ್‌ಗಿಂತ ಮುಖ್ಯವಾದದ್ದು ಸುರಕ್ಷತೆ. ಹಳೆಯ ಬಗೆಯ ರಬ್ಬರ್ ಪೈಪ್, ಪೆಟ್ರೋಲ್ ಪಂಪಿನ ಡಯಾಫ್ರಂ, ಕಾರ್ಬುರೇಟರ್ ಗ್ಯಾಸ್ಕೆಟ್‌ಗಳು ಎಥೆನಾಲ್ ಸಂಪರ್ಕದಲ್ಲಿ ಉಬ್ಬಿ, ಮೆತ್ತಗಾಗಿ, ಕೊನೆಗೆ ಬಿರಿಯಬಹುದು. ಕಾದ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ ಹೊತ್ತಿಕೊಳ್ಳಲು ತಡವಾಗದು. ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ ಕಾರಣ ಪತ್ತೆಯಾಗುವವರೆಗೆ ಕಾರು ಓಡಿಸಬಾರದು. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ಎಲ್ಲ ರಬ್ಬರ್ ಪೈಪ್‌ಗಳನ್ನೂ ಎಥೆನಾಲ್ ತಾಳುವ ದರ್ಜೆಯವಕ್ಕೆ ಬದಲಿಸುವುದು ಇಂದು ಈ ಕಾರಿಗೆ ಮಾಡಬೇಕಾದ ಮೊದಲ ಖರ್ಚು. ಎಥೆನಾಲ್ ಟ್ಯಾಂಕಿನೊಳಗಿನ ಹಳೆಯ ಕಸವನ್ನು ಕರಗಿಸಿ ಎಳೆದು ತರುವುದರಿಂದ ಪೆಟ್ರೋಲ್ ಫಿಲ್ಟರನ್ನೂ ಬದಲಿಸಬೇಕು.

ತಿಂಗಳುಗಟ್ಟಲೆ ನಿಂತ ಕಾರಿಗೆ ಇನ್ನೊಂದು ತೊಡಕಿದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತೇವ ಮಿತಿಮೀರಿದರೆ ನೀರು ಮತ್ತು ಎಥೆನಾಲ್ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ, ಲೋಹ ತುಕ್ಕು ಹಿಡಿಯುತ್ತದೆ. ಕಾರನ್ನು ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಬೇಕು. ನಿಂತಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು.

ಹೊಗೆಯ ಬಣ್ಣ, ಕಂಪ್ರೆಷನ್ ಅಳತೆ

ಎಂಜಿನ್‌ನ ಒಳಗಿನ ಸ್ಥಿತಿಯನ್ನು ಸೈಲೆನ್ಸರ್ ಹೊಗೆ ಬಹುಮಟ್ಟಿಗೆ ತಿಳಿಸುತ್ತದೆ. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದರೆ ವಾಲ್ವ್ ಸೀಲ್ ಸವೆದಿರುವ ಸಾಧ್ಯತೆ ಹೆಚ್ಚು. ಓಡುವಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾಗಿದೆ ಎಂಬುದರ ಸೂಚನೆ. ಬೆಳಗಿನ ಚಳಿಯಲ್ಲಿ ಕಾಣುವ ತೆಳು ಆವಿಗೆ ಹೆದರಬೇಕಿಲ್ಲ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಆಯಿಲ್ ಮುಚ್ಚಳದಡಿ ಹಾಲಿನ ಕೆನೆಯಂಥ ಪದಾರ್ಥ ಕಂಡರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಸಂಶಯಪಡಬೇಕು.

ಎಂಜಿನ್ ಕಟ್ಟಿಸಬೇಕೆಂದು ಗ್ಯಾರೇಜಿನವರು ಹೇಳಿದರೆ ಒಪ್ಪುವ ಮುನ್ನ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಮೂರೂ ಪ್ಲಗ್ ಬಿಚ್ಚಿ, ಒಂದೊಂದೇ ಸಿಲಿಂಡರಿನ ಒತ್ತಡವನ್ನು ಗೇಜ್ ಮೂಲಕ ಅಳೆಯುವ ಈ ಕೆಲಸಕ್ಕೆ ಅರ್ಧ ಗಂಟೆ ಸಾಕು. ಮೂರೂ ಅಂಕಿಗಳು ಒಂದಕ್ಕೊಂದು ಹತ್ತಿರವಿದ್ದು, ಕೈಪಿಡಿಯ ಮಿತಿಯೊಳಗಿದ್ದರೆ ಎಂಜಿನ್‌ನ ಒಡಲು ಗಟ್ಟಿಯಾಗಿದೆ ಎಂದರ್ಥ. ಒಂದು ಸಿಲಿಂಡರಿನಲ್ಲಿ ಕಡಿಮೆ ಬಂದರೆ ಪ್ಲಗ್ ರಂಧ್ರದಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ದೋಷ ರಿಂಗ್‌ನಲ್ಲಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನಲ್ಲಿದೆ. ಎರಡನೆಯದಕ್ಕೆ ಹೆಡ್ ಬಿಚ್ಚಿದರೆ ಸಾಕು, ಇಡೀ ಎಂಜಿನ್ ಇಳಿಸಬೇಕಾಗಿಲ್ಲ. ಖರ್ಚಿನಲ್ಲಿ ಇವೆರಡಕ್ಕೂ ಅಜಗಜಾಂತರ.

ಉಳಿಸುವುದೋ, ಬಿಡುವುದೋ?

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆ ಬಳಿಕ ಆರ್‌ಟಿಒ ಕಚೇರಿಯಲ್ಲಿ ತಪಾಸಣೆಗೆ ಒಡ್ಡಿ, ಹಸಿರು ತೆರಿಗೆ ಕಟ್ಟಿ, ಐದು ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬೇಕು. 2022ರ ಏಪ್ರಿಲ್ 1ರಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 20 ವರ್ಷ ಮೀರಿದ ಕಾರುಗಳಿಗೆ ಅದನ್ನು 10,000 ರೂಪಾಯಿಗೆ ಏರಿಸುವ ಅಧಿಸೂಚನೆ 2025ರ ಆಗಸ್ಟ್‌ನಲ್ಲಿ ಹೊರಬಿತ್ತು.

ಹೊಗೆ ತಪಾಸಣೆಯಲ್ಲಿ ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಇಂಗಾಲದ ಮೊನಾಕ್ಸೈಡ್ ಮಿತಿ ಶೇ 3. ಭಾರತ್ ಸ್ಟೇಜ್ 2 ಮತ್ತು 3ರ ಕಾರುಗಳಿಗೆ ಶೇ 0.5. ಟ್ಯಾಪೆಟ್, ಪ್ಲಗ್, ಮಿಶ್ರಣ ಸರಿಯಿರುವ ಎಂಜಿನ್‌ಗೆ ಈ ಮಿತಿಯೊಳಗೆ ಇರುವುದು ಕಷ್ಟವಲ್ಲ.

ಒಂದು ಮಾತು ಮಾತ್ರ ಸ್ಪಷ್ಟವಿರಬೇಕು. ಎಂಜಿನ್ ನಂಬಿಕಸ್ಥ ಎಂದಾಕ್ಷಣ ಕಾರು ಸುರಕ್ಷಿತ ಎಂದಾಗುವುದಿಲ್ಲ. ಮಾರುತಿ 800ರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಬ್ರೇಕ್ ಇಲ್ಲ. ನಗರದೊಳಗಿನ ಓಡಾಟಕ್ಕೆ ಒಗ್ಗುವ ಈ ಕಾರನ್ನು ಇಂದಿನ ಹೆದ್ದಾರಿಯ ವೇಗಕ್ಕೆ ಒಡ್ಡುವುದು ವಿವೇಕವಲ್ಲ. ಕಾರಿನ ತಳಭಾಗ, ಸಸ್ಪೆನ್ಷನ್ ಕೂಡುವ ಜಾಗಗಳು ತುಕ್ಕು ಹಿಡಿದು ತೂತಾಗಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಬಿಡುವುದೇ ಸರಿ. ಇದಕ್ಕೆ ಬದಲಾಗಿ ತಳ ಗಟ್ಟಿಯಾಗಿದ್ದು, ಕಂಪ್ರೆಷನ್ ಸಮನಾಗಿದ್ದರೆ, ಹಳೆಯದೆಂಬ ಒಂದೇ ಕಾರಣಕ್ಕೆ ಕಾರನ್ನು ಗುಜರಿಗೆ ಕಳುಹಿಸಬೇಕಾಗಿಲ್ಲ.

ಮಾಲೀಕರು ಗಮನಿಸಬೇಕಾದ ಅಂಶಗಳು

* ವಾರಕ್ಕೊಮ್ಮೆ: ಆಯಿಲ್ ಮತ್ತು ಕೂಲಂಟ್ ಮಟ್ಟ, ಕಾರಿನಡಿ ಸೋರಿಕೆಯ ಕಲೆ, ಬಾನೆಟ್ ಒಳಗೆ ಪೆಟ್ರೋಲ್ ವಾಸನೆ.

* 5,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ: ಆಯಿಲ್, ಆಯಿಲ್ ಫಿಲ್ಟರ್ ಬದಲಾವಣೆ, ಪ್ಲಗ್, ಏರ್ ಫಿಲ್ಟರ್, ಫ್ಯಾನ್ ಬೆಲ್ಟ್ ಪರೀಕ್ಷೆ.

* ಕೈಪಿಡಿ ಸೂಚಿಸಿದ ಅವಧಿಗೆ: ಟ್ಯಾಪೆಟ್ ಸೆಟ್ಟಿಂಗ್, ಕೂಲಂಟ್ ಬದಲಾವಣೆ, ಟೈಮಿಂಗ್ ಬೆಲ್ಟ್.

* ಈಗಲೇ ಒಮ್ಮೆ: ಪೆಟ್ರೋಲ್ ಪೈಪ್‌ಗಳು, ಫಿಲ್ಟರ್, ಹಳೆಯ ಹೋಸ್‌ಗಳ ಬದಲಾವಣೆ.

* ಪ್ರತಿ ಬಿಡಿಭಾಗಕ್ಕೂ ಬಿಲ್ ಪಡೆದು, ದಿನಾಂಕ ಮತ್ತು ಕಿಲೋಮೀಟರ್ ಸಹಿತ ಬರೆದಿಡಬೇಕು. ನಕಲಿ ಭಾಗಗಳ ಹಾವಳಿ ಇರುವುದರಿಂದ ಬೆಲ್ಟ್, ಗ್ಯಾಸ್ಕೆಟ್, ಫಿಲ್ಟರ್‌ಗಳನ್ನು ಅಧಿಕೃತ ಮಾರಾಟಗಾರರಿಂದಲೇ ಕೊಳ್ಳುವುದು ಕ್ಷೇಮಕರ.